ದೊಡ್ಡ ಕರುಳಿನ ಲೆಕ್ಕಾಚಾರ

ಕಳೆದ ತಿಂಗಳು ಮೊಮ್ಮಗಳು ಶಾಲೆಯಿಂದ ಬಂದವಳೇ ಹೊಟ್ಟೆ ಹಿಡಿದುಕೊಂಡು ಕುಳಿತಳು. ವಿಚಾರಿಸಿದರೆ, ಕಕ್ಕಸಿಗೆ ಹೋಗಿ ಮೂರು ದಿನವಾಗಿತ್ತು! “ಬೆಳಿಗ್ಗೆ ವ್ಯಾನ್ ಬಂದುಬಿಡುತ್ತೆ ತಾತ. ಶಾಲೆಯಲ್ಲಿ ಬಾಗಿಲಿಗೆ ಚಿಲಕವೇ ಇಲ್ಲ. ತಡ್ಕೊಂಡುಬಿಡ್ತೀನಿ” ಎಂದಳು.

ಮಕ್ಕಳೇ, ಹೀಗೆ ತಡೆದುಕೊಂಡರೆ ಒಳಗೆ ಏನಾಗುತ್ತದೆ ಗೊತ್ತೇ?

ನಾವು ಉಂಡ ಅನ್ನ, ಸಾರಿನ ಸತ್ವವನ್ನು ಸಣ್ಣ ಕರುಳು ಹೀರಿಕೊಂಡು, ಉಳಿದದ್ದನ್ನು ದೊಡ್ಡ ಕರುಳಿಗೆ ದಾಟಿಸುತ್ತದೆ. ದೊಡ್ಡವರಲ್ಲಿ ಇದರ ಉದ್ದ ಸುಮಾರು 5 ಅಡಿ. ಸಣ್ಣ ಕರುಳು ಇದಕ್ಕಿಂತ ಬಹಳ ಉದ್ದ. ಆದರೆ ಅದು ಸಪೂರ, ಇದು ದಪ್ಪ. ಅದಕ್ಕೇ ಇದು ‘ದೊಡ್ಡದು’. ಹೊಟ್ಟೆಯ ಬಲಗಡೆ ಕೆಳಗೆ ಆರಂಭವಾಗಿ, ಮೇಲೇರಿ, ಅಡ್ಡಲಾಗಿ ಎಡಕ್ಕೆ ಸಾಗಿ, ಕೆಳಗಿಳಿದು ಗುದನಾಳ ಸೇರುತ್ತದೆ. ಸಣ್ಣ ಕರುಳಿನ ಸುತ್ತ ಬಾಗಿಲ ಚೌಕಟ್ಟು ಹಾಕಿದಂತೆ. ಆರಂಭದಲ್ಲಿರುವ ಪುಟ್ಟ ಬಾಲವೇ ಅಪೆಂಡಿಕ್ಸ್.

ಬ್ಯಾಂಕಿನಲ್ಲಿ ಸಂಜೆ ಒಂದು ರೂಪಾಯಿ ತಾಳೆಯಾಗದಿದ್ದರೂ ನಾವು ಮನೆಗೆ ಹೊರಡುವಂತಿರಲಿಲ್ಲ. ದೊಡ್ಡ ಕರುಳೂ ಅಷ್ಟೇ ಜಿಪುಣ. ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಅದರೊಳಗೆ ಬರುತ್ತದೆ. ಹೊರಗೆ ಹೋಗುವುದು ಒಂದು ಲೋಟದಷ್ಟೂ ಇಲ್ಲ. ಮಿಕ್ಕದ್ದು ಉಪ್ಪಿನ ಸಮೇತ ರಕ್ತಕ್ಕೆ ಜಮಾ! ಅಲ್ಲೇ ವಾಸವಿರುವ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ಸೊಪ್ಪು, ಕಾಳಿನ ನಾರನ್ನು ಹುದುಗಿಸಿ ಕರುಳಿನ ಗೋಡೆಗೆ ಊಟ ಹಾಕುತ್ತವೆ. ಒಂದಿಷ್ಟು ‘ಕೆ’ ಜೀವಸತ್ವವನ್ನೂ ತಯಾರಿಸುತ್ತವೆ.

ಮಲ ಗುದನಾಳಕ್ಕೆ ಬಂದಾಗ ಅದು ಹಿಗ್ಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ತಡೆದರೆ ಅವಸರವೇನೋ ಅಡಗುತ್ತದೆ, ಆದರೆ ನೀರು ಹೀರುವ ಕೆಲಸ ನಿಲ್ಲುವುದಿಲ್ಲ. ಮಲ ಗಟ್ಟಿಯಾಗುತ್ತದೆ. ಮರುದಿನ ನೋವು, ನೋವಿಗೆ ಹೆದರಿ ಮತ್ತೆ ತಡೆ. ದಿನ ಕಳೆದಷ್ಟೂ ಬಡ್ಡಿ ಬೆಳೆಯುವ ಸಾಲವಿದು.

ವೈದ್ಯರು ಮೊಮ್ಮಗಳಿಗೆ ಕೆಲವು ದಿನ ಔಷಧ ಕೊಟ್ಟು, ನೀರು, ಹಣ್ಣು, ತರಕಾರಿ ಹೆಚ್ಚಿಸಲು ಹೇಳಿದರು. ತಿಂಡಿ ತಿಂದ ಮೇಲೆ ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದಂತೆ. ಹಾಗಾಗಿ ಈಗ ಅರ್ಧ ಗಂಟೆ ಮೊದಲೇ ಏಳುತ್ತಾಳೆ, ತಿಂಡಿಯಾದ ಮೇಲೆ ನಿಧಾನವಾಗಿ ಹೋಗಿಬರುತ್ತಾಳೆ.

ನಾನು ಶಾಲೆಗೆ ಹೋಗಿ ಹೇಳಿದೆ. ಎರಡೇ ದಿನದಲ್ಲಿ ಚಿಲಕ ಬಂತು. ಅದುವರೆಗೆ ಯಾವ ಮಗುವೂ ನಾಚಿಕೆಯಿಂದ ಬಾಯಿ ಬಿಟ್ಟಿರಲಿಲ್ಲ.

ನನ್ನ ವಯಸ್ಸಿನವರಿಗೂ ಒಂದು ಮಾತು. ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ ಇರಬೇಕು’ ಎಂದು ನೀವೇ ತೀರ್ಮಾನಿಸಿ ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ಮತ್ತೆ, ಮೊಮ್ಮಕ್ಕಳು ಮನೆಗೆ ಬಂದಾಗ ಎಷ್ಟು ಅಂಕ ಬಂತು ಎನ್ನುವ ಮೊದಲು, ಶಾಲೆಯ ಶೌಚಾಲಯಕ್ಕೆ ಚಿಲಕ ಇದೆಯೇ ಎಂದು ಕೇಳಿ.