ಬೇಗ ಬಿಡಿಸುವವರಷ್ಟೇ ಜಾಣರೇ?

ಮಕ್ಕಳೇ, ಲೆಕ್ಕವನ್ನು ಥಟ್ಟನೆ ಬಿಡಿಸುವವರು ಜಾಣರು, ನಿಧಾನವಾಗಿ ಬಿಡಿಸುವವರು ದಡ್ಡರು ಎಂದು ನೀವು ಭಾವಿಸಿದ್ದೀರಾ? ಅದು ಸರಿಯಲ್ಲ. ಪ್ರೌಢಶಾಲೆ ಹಾಗೂ ಪಿ.ಯು.ಸಿ. ಹಂತದ ವಿದ್ಯಾರ್ಥಿಗಳು ಭಾಗವಹಿಸುವ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ದಿನಕ್ಕೆ ಮೂರೇ ಸಮಸ್ಯೆಗಳು. ಸಮಯ ಎಷ್ಟು ಗೊತ್ತೇ? ನಾಲ್ಕೂವರೆ ಗಂಟೆ!

1959ರಲ್ಲಿ ರೊಮೇನಿಯಾದಲ್ಲಿ ನಡೆದ ಮೊದಲ ಒಲಿಂಪಿಯಾಡ್‌ನ ಮೊದಲ ಸಮಸ್ಯೆಯನ್ನೇ ನೋಡೋಣ. ಯಾವುದಾದರೂ ಸ್ವಾಭಾವಿಕ ಸಂಖ್ಯೆ ತೆಗೆದುಕೊಳ್ಳಿ. ಅದನ್ನು 21ರಿಂದ ಗುಣಿಸಿ 4 ಕೂಡಿಸಿದರೆ ಅಂಶ; 14ರಿಂದ ಗುಣಿಸಿ 3 ಕೂಡಿಸಿದರೆ ಛೇದ. ಈ ಭಿನ್ನರಾಶಿಯನ್ನು ಎಂದೂ ಸಂಕ್ಷೇಪಿಸಲಾಗದು ಎಂದು ಸಾಧಿಸಬೇಕು.

1 ತೆಗೆದುಕೊಂಡರೆ 25/17, 2 ತೆಗೆದುಕೊಂಡರೆ 46/31. ಹೀಗೆ ಪರೀಕ್ಷಿಸುತ್ತಾ ಹೋದರೆ ಸಂಖ್ಯೆಗಳು ಮುಗಿಯುವುದೇ ಇಲ್ಲ! ಆದ್ದರಿಂದ ಕಾರಣ ಹುಡುಕಬೇಕು. 14 ಮತ್ತು 21ರ ಲ.ಸಾ.ಅ. 42. ಹಾಗಾದರೆ ಛೇದವನ್ನು 3ರಿಂದ, ಅಂಶವನ್ನು 2ರಿಂದ ಗುಣಿಸಿ ನೋಡಿ. ಮೊದಲನೆಯದರಲ್ಲಿ 51 ಮತ್ತು 50. ಎರಡನೆಯದರಲ್ಲಿ 93 ಮತ್ತು 92. ವ್ಯತ್ಯಾಸ ಯಾವಾಗಲೂ 1! ಅಂಶ, ಛೇದ ಎರಡನ್ನೂ ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ ಈ 1ನ್ನೂ ಭಾಗಿಸಬೇಕು. ಅಂತಹ ಸಂಖ್ಯೆ 1 ಮಾತ್ರ.

ನೋಡಿದಿರಾ? ಇಲ್ಲಿ ಬಳಸಿದ್ದೆಲ್ಲ ನೀವು ಕಲಿತ ಗಣಿತವೇ. ಬೇಕಾದದ್ದು ಅವಸರವಲ್ಲ, ತಾಳ್ಮೆ. ಮಗ್ಗಿ ಚೆನ್ನಾಗಿ ಬರಬೇಕು, ನಿಜ. ಆದರೆ ಪಕ್ಕದವರು ಮೊದಲು ಕೈ ಎತ್ತಿದರೆಂದು ನಿಮ್ಮ ಪುಸ್ತಕ ಮುಚ್ಚಿಡಬೇಡಿ. ಇಂದು ಬಿಡಿಸಲಾಗದ ಲೆಕ್ಕವನ್ನು ನಾಳೆ ಮತ್ತೆ ಪ್ರಯತ್ನಿಸಿ. ಉತ್ತರ ಬಂದ ಮೇಲೂ 'ಏಕೆ ಹೀಗೆ?' ಎಂದು ಕೇಳಿ. ಹಾಗೆ ಕೇಳುವವರೇ ನಿಜವಾಗಿ ಗಣಿತ ಕಲಿಯುವವರು.