ಇದೂ ಒಂದು ಪ್ರಶ್ನೆಯೇ?

ಮದುವೆಮನೆಯಲ್ಲೋ ಸೀಮಂತದ ಮನೆಯಲ್ಲೋ ನಾಲ್ಕು ಜನ ಹೆಂಗಸರು ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಕೂತಾಗ ಇಂಥದೊಂದು ಪ್ರಶ್ನೆ ಹುಟ್ಟುತ್ತದೆ. "ನಾವು ಚಿಕ್ಕವರಿದ್ದಾಗ ಟಿ.ವಿ.ಯಲ್ಲಿ ಒಂದು ಕಾರ್ಟೂನ್ ಬರುತ್ತಿತ್ತಲ್ಲೇ, ಹಕ್ಕಿಗಳೆಲ್ಲ ಸೇರಿ ಬಲೆಯನ್ನೇ ಎತ್ತಿಕೊಂಡು ಹಾರಿಹೋಗುತ್ತವೆ ನೋಡು, ಏನದರ ಹೆಸರು?" ಕೇಳಿದವಳ ಮಾತು ಮುಗಿಯುವ ಮೊದಲೇ ಯಾರಾದರೊಬ್ಬ ಯಜಮಾನರು ನಗುತ್ತಾರೆ: "ಇದೂ ಒಂದು ಪ್ರಶ್ನೆಯೇ? ಬೇರೆ ಕೆಲಸವಿಲ್ಲವೇ ನಿಮಗೆ?" ಪ್ರಶ್ನೆ ಅಲ್ಲಿಗೇ ಸಾಯುತ್ತದೆ.

ನನ್ನ ತಕರಾರು ಈ ನಗುವಿನ ಮೇಲೆ.

ಅದೇ ಯಜಮಾನರನ್ನು 1983ರ ವಿಶ್ವಕಪ್ ಬಗ್ಗೆ ಕೇಳಿ ನೋಡಿ. ಫೈನಲ್‌ನಲ್ಲಿ ನಾವು ಹೊಡೆದದ್ದು 183, ವೆಸ್ಟ್ ಇಂಡೀಸ್ 140ಕ್ಕೆ ಆಲೌಟ್, ಗೆದ್ದದ್ದು 43 ರನ್ನಿನಿಂದ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಅದೇ ಸರಣಿಯಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಹೊಡೆದ 175 ರನ್ನಿನ ಆಟದ ವಿಡಿಯೋ ದಾಖಲೆಯೇ ಇಲ್ಲ. ಆದರೂ ಕಣ್ಣಾರೆ ಕಂಡವರಂತೆ ವರ್ಣಿಸುತ್ತಾರೆ. ವರ್ಣಿಸಲಿ, ಕೇಳುವುದಕ್ಕೆ ನನಗೂ ಸಂತೋಷವೇ. ಆದರೆ ಅದು 'ಸಾಮಾನ್ಯ ಜ್ಞಾನ', ನಮ್ಮದು 'ಕೆಲಸಕ್ಕೆ ಬಾರದ ಹರಟೆ' ಎಂಬ ಪಂಕ್ತಿಭೇದ ಮಾಡಿದವರು ಯಾರು? ಆ ಸ್ಕೋರಿನಿಂದ ಯಾರ ಮನೆಯ ಒಲೆ ಉರಿಯಿತು?

ಆ ಹಕ್ಕಿಗಳ ಪ್ರಶ್ನೆಗೆ ಉತ್ತರವಿದೆ. ಅದು 'ಏಕ್ ಅನೇಕ್ ಔರ್ ಏಕ್ತಾ'. ಫಿಲ್ಮ್ಸ್ ಡಿವಿಷನ್‌ನಿಂದ 1974ರಲ್ಲಿ ಬಂದ ಪುಟ್ಟ ಚಿತ್ರ. ಬಲೆಯೊಂದಿಗೆ ಹಾರಿದ ಹಕ್ಕಿಗಳು, ಬಲೆ ಕಡಿದುಕೊಟ್ಟ ಇಲಿಗಳು ನಮ್ಮ ಪಂಚತಂತ್ರದಿಂದಲೇ ಬಂದವರು. ಅದನ್ನು ರೂಪಿಸಿದವರು ವಿಜಯಾ ಮುಳೆ ಎಂಬ ಮಹಿಳೆ. 1921ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡರು. ಅದರಲ್ಲಿ ಹಾಡಿದ ಎಳೆಯ ದನಿ, ಮುಂದೆ ಹೆಸರಾಂತ ಗಾಯಕಿಯಾದ ಸಾಧನಾ ಸರ್ಗಮ್ ಅವರದು. ದೇಶದ ಲಕ್ಷಾಂತರ ಮಕ್ಕಳಿಗೆ ಒಗ್ಗಟ್ಟಿನ ಪಾಠ ಹೇಳಿದ ಹೆಂಗಸಿನ ಹೆಸರು ನಮಗೆ ಗೊತ್ತಿಲ್ಲ ಎಂದರೆ, ಅದನ್ನು ಕೇಳುವುದು ಹರಟೆಯೋ, ಕೇಳದಿರುವುದು ಕೃತಘ್ನತೆಯೋ, ನೀವೇ ಹೇಳಿ.

ನಗುವವರದು ಒಂದು ಬಗೆಯಾದರೆ, ಗೊತ್ತಿಲ್ಲದೆಯೂ ಉತ್ತರ ಹೇಳಿಬಿಡುವವರದು ಇನ್ನೊಂದು ಬಗೆ. ಇವರು ಇನ್ನೂ ಅಪಾಯಕಾರಿ. 1980ರ 'ಕುರ್ಬಾನಿ' ಚಿತ್ರದ ಆ ಡಿಸ್ಕೊ ಹಾಡಿನ ಮಾತು ಬರಲಿ, "ಝೀನತ್ ಅಮಾನ್ ಹಾಡಲ್ಲವೇ, ಸಂಗೀತ ಕಲ್ಯಾಣಜೀ ಆನಂದಜೀ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಝೀನತ್ ತೆರೆಯ ಮೇಲೆ ತುಟಿ ಆಡಿಸಿದರು, ಅಷ್ಟೇ. ಹಾಡಿದವಳು ಕರಾಚಿಯಲ್ಲಿ ಹುಟ್ಟಿದ ನಾಜಿಯಾ ಹಸನ್, ಆಗಿನ್ನೂ ನಮ್ಮ ಹೈಸ್ಕೂಲು ಹುಡುಗಿಯರ ವಯಸ್ಸಿನವಳು. ಚಿತ್ರದ ಉಳಿದ ಹಾಡುಗಳು ಕಲ್ಯಾಣಜೀ ಆನಂದಜೀಯವರವು, ನಿಜ. ಈ ಒಂದು ಹಾಡಿನ ಸಂಗೀತ ಮಾತ್ರ ಬಿದ್ದು ಅವರದು. ಯಾರು ಈ ಬಿದ್ದು? ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು! ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಾಸ್ ಹಾಡಿದ 'ಕುಂಗ್ ಫು ಫೈಟಿಂಗ್' ಎಂಬ ರೆಕಾರ್ಡನ್ನು ತಯಾರಿಸಿ, ಜಗತ್ತನ್ನೇ ಕುಣಿಸಿದವರು. ನಾಜಿಯಾಳ 1981ರ 'ಡಿಸ್ಕೊ ದೀವಾನೆ', ಅಲಿಶಾ ಚಿನಾಯ್ ಹಾಡಿದ 1995ರ 'ಮೇಡ್ ಇನ್ ಇಂಡಿಯಾ' ಎರಡರ ಹಿಂದೆಯೂ ಅವರೇ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಗಿಡ ನಮ್ಮ ಹಿತ್ತಿಲದು ಎಂಬುದೇ ನಮಗೆ ತಿಳಿಯಲಿಲ್ಲ. ಅಂತೆಕಂತೆಯ ಒಂದು ಉತ್ತರ ಹಾಡಿದವಳನ್ನೂ ಹಾಡು ಕಟ್ಟಿದವರನ್ನೂ ಒಟ್ಟಿಗೆ ಅಳಿಸಿಹಾಕುತ್ತದೆ.

"ಈಗ ಮೊಬೈಲ್ ಇದೆಯಲ್ಲ, ಅದನ್ನೇ ಕೇಳಿಕೊಳ್ಳಲಿ" ಎನ್ನುವವರೂ ಇದ್ದಾರೆ. ಮೊಬೈಲಿನಲ್ಲಿ ಹುಡುಕಲು ಹೆಸರು ಬೇಕು; ಹೆಸರೇ ಗೊತ್ತಿದ್ದರೆ ಕೇಳುವ ಅಗತ್ಯವೇನಿತ್ತು? ಅರ್ಧ ನೆನಪಿನ ಸ್ವಭಾವವೇ ಹಾಗೆ. ಹೆಸರು ಜಾರಿಹೋಗಿರುತ್ತದೆ, ಯಾವುದೋ ಒಂದು ಚೂರು ಮಾತ್ರ ಗಟ್ಟಿಯಾಗಿ ಕೂತಿರುತ್ತದೆ. ಉತ್ತರ ಹೇಳುವವರು ಹಿಡಿಯಬೇಕಾದದ್ದು ಆ ಚೂರನ್ನು. 'ಜಂಗಲ್ ಬುಕ್' ಕಾರ್ಟೂನ್ ಯಾರದು ಎಂದು ಯಾರಾದರೂ ಕೇಳಿದರೆ, ಥಟ್ಟನೆ ಡಿಸ್ನಿ ಎನ್ನಬೇಡಿ. "ಮೋಗ್ಲಿಯ ಕೈಯಲ್ಲಿ ಬೂಮರಾಂಗ್ ಇತ್ತೇ?" ಎಂದು ಕೇಳಿ. ಇತ್ತು ಎಂದರೆ ಅದು 1989ರಲ್ಲಿ ಜಪಾನಿನ ನಿಪ್ಪಾನ್ ಆನಿಮೇಷನ್ ತೆಗೆದ, 52 ಕಂತುಗಳ ಧಾರಾವಾಹಿ. 1993ರಲ್ಲಿ ದೂರದರ್ಶನ ಅದನ್ನು ಹಿಂದಿಯಲ್ಲಿ ತೋರಿಸಿತು. ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ರಾಗ ಹಾಕಿದ ಶೀರ್ಷಿಕೆ ಗೀತೆ ಇದ್ದದ್ದು ಈ ಹಿಂದಿ ಅವತರಣಿಕೆಗೆ. ಹಾಡಿ ಕುಣಿಯುವ ಕರಡಿ ನೆನಪಿದ್ದರೆ ಮಾತ್ರ ಅದು 1967ರ ಡಿಸ್ನಿ ಚಿತ್ರ. ಒಂದು ಬೂಮರಾಂಗು ಎರಡು ದೇಶಗಳನ್ನು ಬೇರ್ಪಡಿಸಿಕೊಡುತ್ತದೆ.

ಉತ್ತರ ಹೇಳುವುದಕ್ಕೂ ಒಂದು ಮರ್ಯಾದೆ ಇದೆ. ಗೊತ್ತಿದ್ದರೆ ಪೂರ್ತಿ ಹೇಳಬೇಕು, ಮಾಡಿದವರ ಹೆಸರು ಸಮೇತ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು. ಅದರಿಂದ ಯಾರ ಮೀಸೆಯೂ ಮಣ್ಣಾಗುವುದಿಲ್ಲ. ಕ್ವಿಜ್ ನಡೆಸುವವರಿಗೆ ಒಂದು ಪದದ ಉತ್ತರ ಸಾಕು, ಗಂಟೆ ಬಾರಿಸಿ ಮುಂದೆ ಹೋಗುತ್ತಾರೆ. ಕೇಳಿದವಳಿಗೆ ಬೇಕಾದದ್ದು ಅದಲ್ಲ. ಪಕ್ಕದ ಮನೆಯ ಕಪ್ಪು ಬಿಳುಪು ಟಿ.ವಿ.ಯ ಮುಂದೆ ನೆಲದ ಮೇಲೆ ಕೂತು ತಾನು ಕಂಡದ್ದು ಕನಸಲ್ಲ, ನಿಜವಾಗಿಯೂ ಇತ್ತು ಎಂಬ ಸಾಕ್ಷಿ ಬೇಕು. ಹೆಣ್ಣಿನ ಬಾಲ್ಯಕ್ಕೆ ಸಾಕ್ಷಿ ಹೇಳುವವರು ಮೊದಲೇ ಕಡಿಮೆ. ತವರು ಬಿಟ್ಟ ಮೇಲೆ ಇನ್ನೂ ಕಡಿಮೆ.

ಇದೆಲ್ಲ ಅತಿಯಾಯಿತು ಎನ್ನುವವರಿಗೆ, ಪಾಠ ಹೇಳುವವಳಾಗಿ ಒಂದೇ ಮಾತು ಹೇಳುತ್ತೇನೆ. ಪ್ರಶ್ನೆಯಲ್ಲಿ ದೊಡ್ಡದು, ಚಿಕ್ಕದು ಎಂದು ಮಕ್ಕಳು ವಿಂಗಡಿಸುವುದಿಲ್ಲ. ಕೇಳಿದಾಗ ಏನಾಯಿತು ಎಂಬುದನ್ನಷ್ಟೇ ನೆನಪಿಡುತ್ತಾರೆ. ಕಾರ್ಟೂನಿನ ಹೆಸರು ಕೇಳಿ ಮನೆಯಲ್ಲಿ ನಗೆಪಾಟಲಾದ ಹುಡುಗಿ, ಮರುದಿನ ಬೀಜಗಣಿತ ಅರ್ಥವಾಗದಿದ್ದಾಗ ತರಗತಿಯಲ್ಲಿ ಕೈ ಎತ್ತುವುದಿಲ್ಲ.