ಅವರು ಬರೆದರೆ ಕಲೆ, ನಮ್ಮವರು ಬರೆದರೆ ಕ್ಯಾಲೆಂಡರೇ?

ನಮ್ಮ ಕಲಾವಿಮರ್ಶಕ ಮಹಾಶಯರಿಗೆ ಒಂದು ಚಿತ್ರ ಹಿಡಿಸಲಿಲ್ಲವೆಂದರೆ ಅವರು ಆಡುವ ಬೈಗುಳ ಒಂದೇ: "ಇದು ಬರೀ ಕ್ಯಾಲೆಂಡರ್ ಚಿತ್ರ." ಹಾಗೆಂದರೇನು ಸ್ವಾಮಿ? ನೇಕಾರನ ಮನೆಯ ಗೋಡೆಯಲ್ಲಿ, ದಿನಸಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ, ಕ್ಷೌರದಂಗಡಿಯ ಕನ್ನಡಿಯ ಪಕ್ಕದಲ್ಲಿ ತೂಗುವಂಥದು, ಆದ್ದರಿಂದ ಕೀಳು! ಚಿತ್ರದ ಯೋಗ್ಯತೆಯನ್ನು ಅದರ ಗೆರೆ ಬಣ್ಣಗಳಿಂದ ಅಳೆಯದೆ, ಅದು ತೂಗುವ ಗೋಡೆ ಯಾರದು ಎಂಬುದರಿಂದ ಅಳೆಯುವ ತಕ್ಕಡಿ ಇದು.

ಇದೇ ಮಹಾಶಯರು ಅಮೆರಿಕದ 'ಪಾಪ್ ಆರ್ಟ್' ಎಂದೊಡನೆ ಕೈಮುಗಿದು ನಿಲ್ಲುತ್ತಾರೆ. ಪೇಟೆಯ ಸರಕು, ಜಾಹೀರಾತು, ಸಿನಿಮಾ ನಟಿಯ ಮುಖ ಇವನ್ನೇ ಎತ್ತಿ ಚಿತ್ರವಾಗಿಸುವ ಪಂಥ ಅದು. ಅದರಲ್ಲಿ ದೊಡ್ಡ ಹೆಸರು ಆಂಡಿ ವಾರ್ಹಾಲನದು. 1962ರಲ್ಲಿ ಈತ ಸೂಪಿನ ಡಬ್ಬಿಯ 32 ಚಿತ್ರಗಳನ್ನು ಸಾಲಾಗಿ ಇಟ್ಟ. 1964ರಲ್ಲಿ ಪಾತ್ರೆ ಉಜ್ಜುವ 'ಬ್ರಿಲೊ' ಎಂಬ ಸರಕಿನ ರಟ್ಟಿನ ಪೆಟ್ಟಿಗೆಯನ್ನು ಮರದ ಹಲಗೆಯಲ್ಲಿ ಇದ್ದ ಹಾಗೆಯೇ ಮಾಡಿಸಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಪೇರಿಸಿದ. ಅಂಥ ಒಂದು ಪೆಟ್ಟಿಗೆ 2010ರ ಹರಾಜಿನಲ್ಲಿ 30 ಲಕ್ಷ ಡಾಲರಿಗೂ ಮೇಲೆ ಹೋಯಿತು. ಸರಿ, ಆ ಸರಕಿನ ಪೆಟ್ಟಿಗೆಗೆ ಕೆಂಪು ನೀಲಿಯ ವಿನ್ಯಾಸ ಮಾಡಿಕೊಟ್ಟವನು ಯಾರು? ಜೇಮ್ಸ್ ಹಾರ್ವೆ. ಅವನೂ ಚಿತ್ರಕಾರನೇ, ಹೊಟ್ಟೆಪಾಡಿಗಾಗಿ ಡಬ್ಬಿ ಪೆಟ್ಟಿಗೆಗಳ ವಿನ್ಯಾಸ ಮಾಡುತ್ತಿದ್ದವನು. ನಲವತ್ತು ತುಂಬುವ ಮೊದಲೇ, 1965ರಲ್ಲಿ, ತೀರಿಹೋದ. ನಕಲು ಮಾಡಿದವನ ಹೆಸರು ಲೋಕಕ್ಕೆಲ್ಲ ಗೊತ್ತು. ಮೊದಲು ಮಾಡಿದವನ ಹೆಸರನ್ನು ಹುಡುಕಿ ತೆಗೆಯಬೇಕು.

ನಿತ್ಯದ ವಸ್ತುವನ್ನು ಕಣ್ಣುಬಿಟ್ಟು ನೋಡುವುದನ್ನು ವಾರ್ಹಾಲ್ ಜನಕ್ಕೆ ಕಲಿಸಿದ ಎನ್ನುತ್ತಾರೆ. ಕಲಿಯಬೇಕಾದವರು ಕಲಿಯಲಿ. ಡಬ್ಬಿ, ಪೆಟ್ಟಿಗೆ, ಸೀರೆ, ಚೀಲ ಮಾಡುವ ಕೈಗಳಿಗೆ ಆ ಪಾಠ ಬೇಕಾಗಿಲ್ಲ.

ಈಗ ನಮ್ಮ ನಾಡಿನ ಮಾತು. ಎಸ್. ಎಂ. ಪಂಡಿತರು 1916ರಲ್ಲಿ ಗುಲ್ಬರ್ಗದಲ್ಲಿ, ಈಗ ಕಲಬುರಗಿ ಎನ್ನುವ ಊರಿನಲ್ಲಿ, ವಿಶ್ವಕರ್ಮ ಮನೆತನದಲ್ಲಿ ಹುಟ್ಟಿದರು. ಮುಂಬಯಿಗೆ ಹೋಗಿ ಚಿತ್ರಕಲೆ ಕಲಿತು, ಸಿನಿಮಾ ಮಂದಿರಕ್ಕೆ ಹಾಲಿವುಡ್ ಚಿತ್ರಗಳ ಷೋಕಾರ್ಡುಗಳನ್ನು ಬರೆದರು. 'ಫಿಲ್ಮ್ ಇಂಡಿಯಾ' ಪತ್ರಿಕೆಯ ಮುಖಪುಟಗಳನ್ನು ಬರೆದರು. 1949ರ 'ಬರ್ಸಾತ್' ಚಿತ್ರಕ್ಕೆ ಪೋಸ್ಟರ್ ಮಾಡಿದರು. ಆಮೇಲೆ ರಾಮಾಯಣ ಭಾರತಗಳ ವೀರರು, ದೇವ ದೇವಿಯರು ಕ್ಯಾಲೆಂಡರುಗಳ ಮೇಲೆ ಬಂದರು. ಆ ಬಣ್ಣದ ಹೊಳಪು, ಆ ತುಂಬುಮೈಯ ಭೀಮ ಅರ್ಜುನರು ನಮ್ಮ ಅಪ್ಪ ಅಜ್ಜಂದಿರ ಗೋಡೆಗಳಲ್ಲಿ ವರ್ಷಗಟ್ಟಲೆ ಇದ್ದವು. ವರ್ಷ ಮುಗಿದರೂ ಹಾಳೆ ಕಿತ್ತು ಚಿತ್ರ ಮಾತ್ರ ಉಳಿಸಿ ಕಟ್ಟು ಹಾಕಿಸಿದವರು ಎಷ್ಟು ಮಂದಿ! 1993ರಲ್ಲಿ ಪಂಡಿತರು ತೀರಿಕೊಂಡರು. ಮನೆಮನೆಗೆ ಮುಟ್ಟಿದ ಈ ಚಿತ್ರಕಾರನನ್ನು ದೊಡ್ಡ ಗ್ಯಾಲರಿಗಳ ಲೋಕ ಬಹುಕಾಲ 'ಕಮರ್ಷಿಯಲ್' ಎಂದು ಬದಿಗಿಟ್ಟಿತು. ಡಬ್ಬಿಯ ಚಿತ್ರ ಮಾರಿದ ಅಮೆರಿಕದವನು ಋಷಿ, ಕ್ಯಾಲೆಂಡರಿಗೆ ಬರೆದ ಗುಲ್ಬರ್ಗದವನು ವ್ಯಾಪಾರಿ. ಇದು ಯಾವ ನ್ಯಾಯ?

ಇನ್ನೊಂದು ಸಂಗತಿಯನ್ನು ಈ ವಿಮರ್ಶಕರು ಎತ್ತುವುದೇ ಇಲ್ಲ. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದಂದಿನಿಂದ ದೇವರ ಪಟ ಕಾಸಿಗೆ ಸಿಗುವಂತಾಯಿತು. ಗುಡಿಯ ಹೊಸ್ತಿಲು ದಾಟಲು ಬಿಡದೆ ಹೊರಗೆ ನಿಲ್ಲಿಸಿದ್ದ ಜನರ ಗುಡಿಸಲಿನ ಗೋಡೆಗೆ ಲಕ್ಷ್ಮಿ ಸರಸ್ವತಿಯರು ತಾವಾಗಿಯೇ ನಡೆದು ಬಂದರು. ಪೂಜಾರಿಯ ಅಪ್ಪಣೆ ಬೇಕಾಗಲಿಲ್ಲ. ಅಗ್ಗದ ಚಿತ್ರ ಮಾಡಿದ ಈ ಕೆಲಸವನ್ನು ಯಾವ ಗ್ಯಾಲರಿ ಮಾಡಿದೆ?

ಪೇಟೆ ಬೀದಿಯ ಚಿತ್ರವನ್ನು ಮರ್ಯಾದೆಯಿಂದ ಕಂಡ ದೇಶ ಇಲ್ಲವೇ ಇಲ್ಲವೆ? ಇತ್ತು. ಚೇ ಗೆವಾರನ ಮುಖ ನಮ್ಮ ಆಟೋಗಳ ಹಿಂದೆಯೂ ಇರುವುದರಿಂದ ಕ್ಯೂಬಾದ ಹೆಸರು ಓದುಗರಿಗೆ ಹೊಸದಲ್ಲ. ಅಲ್ಲಿನ ರೌಲ್ ಮಾರ್ಟಿನೆಜ್, 1927ರಲ್ಲಿ ಹುಟ್ಟಿದವನು, ಕ್ರಾಂತಿಗೆ ಮೊದಲು ಹವಾನಾದ ಜಾಹೀರಾತು ಕಂಪನಿಯಲ್ಲಿ ದುಡಿಯುತ್ತಿದ್ದ. ಕಂಪನಿಗಳ ಜಾಹೀರಾತು ನಿಂತಮೇಲೆ ಅದೇ ಕೈಯಿಂದ ಪುಸ್ತಕದ ಹೊದಿಕೆ, ಸಿನಿಮಾ ಪೋಸ್ಟರ್ ಮಾಡಿದ. 1968ರ 'ಲೂಸಿಯ' ಚಿತ್ರದ ಪೋಸ್ಟರ್ ಅವನದು. ಕೇರಿಯ ಜನ ತಮಗೆ ಬಂದಂತೆ ಗೋಡೆಗೆ ಬರೆದ ಹೊಸೆ ಮಾರ್ತಿಯ ಮುಖ, ಚೇ ಮುಖ ಇವನ್ನು ನೋಡಿ ತನ್ನ ದೊಡ್ಡ ಚಿತ್ರಗಳನ್ನು ಕಟ್ಟಿದ. ರೀತಿ ಅಮೆರಿಕದ ಪಾಪ್ ಆರ್ಟಿನದು, ನಿಜ. ಬೇರು ಮಾತ್ರ ತನ್ನ ಊರಿನದು. 1970ರ 'ಇಸ್ಲಾ 70' ಚಿತ್ರದಲ್ಲಿ ನಾಯಕರ ಸಾಲಿನಲ್ಲೇ ಹೆಸರಿಲ್ಲದ ಸಾಮಾನ್ಯರೂ ನಿಂತಿದ್ದಾರೆ. ಅಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ಹೇಳುವವನು ನಾನಲ್ಲ. ಸಲಿಂಗಪ್ರೇಮಿಯೆಂಬ ಕಾರಣಕ್ಕೆ ಇದೇ ಮಾರ್ಟಿನೆಜನನ್ನು ಮೇಷ್ಟರ ಕೆಲಸದಿಂದ ತೆಗೆದುಹಾಕಿದ್ದರು; ಅದು ನಾಚಿಕೆಗೇಡು. ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1994ರಲ್ಲಿ. ಮರುವರ್ಷವೇ ಆತ ತೀರಿಕೊಂಡ.

ನಮ್ಮ ಕಡೆಗೇ ಬರೋಣ. ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದರು. ಅವರ ಹೆಸರು ಉಳಿಯಿತು, ಉಳಿಯತಕ್ಕದ್ದೇ. ಅವರದೇ ಊರಿನ ಅಂಗಡಿ ಬೀದಿಯಲ್ಲಿ ಏಣಿ ಹತ್ತಿ ಬೋರ್ಡು ಬರೆದವರ ಹೆಸರು ಎಲ್ಲಿದೆ? ನಾನು ಮೇಷ್ಟರಾಗಿದ್ದ ಶಾಲೆಯ ಗೋಡೆಯಲ್ಲಿ ಗಾಂಧೀಜಿ, ಬಸವಣ್ಣನವರ ಚಿತ್ರಗಳಿದ್ದವು. ಬರೆಸಿದ ದಾನಿಯ ಹೆಸರು ಮೊಳದುದ್ದ; ಬರೆದವನದು ಬೆರಳಷ್ಟೂ ಇಲ್ಲ. ಆಮೇಲೆ ಫ್ಲೆಕ್ಸ್ ಯಂತ್ರ ಬಂತು, ಚದರಡಿ ಲೆಕ್ಕದಲ್ಲಿ ಮುಖ ಮುದ್ರಿಸಿತು, ಕುಂಚದ ಕೂಲಿ ಹೋಯಿತು. 2016ರಲ್ಲಿ ಸರಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿ ಆಜ್ಞೆ ಹೊರಡಿಸಿತು. ಆ ಆಜ್ಞೆಯ ಕೆಳಗೇ ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸುಗಳು ಎದ್ದವು!

ಮಗ್ಗದವರಿಗೆ ಈ ನೋವು ವಿವರಿಸಬೇಕಾಗಿಲ್ಲ. ಒಬ್ಬ ರಾತ್ರಿಯೆಲ್ಲ ಕೂತು ಸೆರಗಿಗೆ ಹೊಸ ಬುಟ್ಟಾ ಬರೆಯುತ್ತಾನೆ. ನಾಲ್ಕು ದಿನಕ್ಕೆ ಅದು ಇನ್ನೊಬ್ಬರ ಮಗ್ಗದಲ್ಲಿ, ನಾಲ್ಕು ವಾರಕ್ಕೆ ಸೂರತ್ತಿನ ಅಗ್ಗದ ಸೀರೆಯಲ್ಲಿ. ಬರೆದವನಿಗೆ ಸಿಕ್ಕಿದ್ದು ಒಂದು ಸಲದ ಕೂಲಿ. ಅವನೂ ಹಾರ್ವೆಯ ಜಾತಿಯವನೇ.

ವರ್ತಕ ಮಿತ್ರರು ಹೊಸ ವರ್ಷಕ್ಕೆ ಶಿವಕಾಶಿಗೆ ಆರ್ಡರು ಕೊಡುವಾಗ ಅಂಗಡಿಯ ಹೆಸರಿನ ಜೊತೆಗೆ ಚಿತ್ರಕಾರನ ಹೆಸರನ್ನೂ ಹಾಕಿಸಿರೆಂದು ಕೇಳಲಿ. ಒಂದು ಸಾಲಿಗೆ ಖರ್ಚೆಷ್ಟು? ನಗರಸಭೆ ತನ್ನ ಗೋಡೆ ಬರಹದ ಕೆಲಸವನ್ನು ಗುತ್ತಿಗೆದಾರನಿಗೆ ಒಪ್ಪಿಸದೆ ಬರೆಯುವ ಕೈಗೇ ಕೊಟ್ಟು ಕೂಲಿ ಸಲ್ಲಿಸಲಿ. 1964ರಿಂದ ಇರುವ ಲಲಿತಕಲಾ ಅಕಾಡೆಮಿಯವರು ಬೆಂಗಳೂರಿನಿಂದ ಒಂದು ದಿನ ಬಸ್ಸು ಹತ್ತಿ ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಯ ಪೇಟೆಗಳಲ್ಲಿ ನಡೆದು, ಇನ್ನೂ ಉಳಿದಿರುವ ಕೈಬರಹದ ಬೋರ್ಡುಗಳನ್ನೂ ಬರೆದವರ ಹೆಸರುಗಳನ್ನೂ ಪಟ್ಟಿ ಮಾಡಿಕೊಳ್ಳಲಿ. ಆ ಕೈಗಳಲ್ಲಿ ಹಲವಕ್ಕೆ ಈಗಾಗಲೇ ನಡುಕ ಬಂದಿದೆ.